ಹೋದ ವರ್ಷದ ಕಾಲು

ಕ್ಷಮೆ ಕೇಳಿಕೊಂಡೇ ಶುರು ಮಾಡುತ್ತೇನೆ. ಈ ಕಥೆಯಲ್ಲಿ ಕಂಪ್ಯೂಟರಿನ ವಿಷಯ ಬರುತ್ತದೆ, ಅದರಲ್ಲಿ ನಾನು ತಪ್ಪು ಹೇಳಬಹುದು. ಪ್ರೇಮದ ವಿಷಯವೂ ಬರುತ್ತದೆ, ಅದರಲ್ಲಿ ತಪ್ಪು ಹೇಳುವುದು ಖಂಡಿತ. ನಿಜವಾಗಿ ಇದನ್ನು ಹೇಳಬೇಕಾದವರು ಬೇರೆ ಇಬ್ಬರಿದ್ದಾರೆ. ಅವರಿಗೆ ಪುರುಸೊತ್ತಿಲ್ಲ, ಇದ್ದರೂ ಇಬ್ಬರೂ ಒಟ್ಟಿಗೇ ಮಾತಾಡಿ ಒಬ್ಬರ ಮಾತನ್ನೊಬ್ಬರು ಕೆಡಿಸುತ್ತಾರೆ. ಅದಕ್ಕೇ ನಾನು ಬಾಯಿ ಹಾಕುತ್ತಿದ್ದೇನೆ. ಅಧಿಕಪ್ರಸಂಗ ಅನ್ನಿಸಿದರೆ ಮನ್ನಿಸಿ.

ಅವಳನ್ನು ಮನೆಯವರು, ಬೀದಿಯವರು, ಗಿರಾಕಿಗಳು ಎಲ್ಲರೂ ಕರೆಯುತ್ತಿದ್ದದ್ದು ಸೂಜಿ ಎಂದು. ತೆಳ್ಳಗಿದ್ದಳು, ಮಾತು ಚುಚ್ಚುತ್ತಿತ್ತು, ಬೆರಳ ಸಂದಿಯಲ್ಲಿ ಯಾವಾಗಲೂ ಚರ್ಮ ಹೊಲಿಯುವ ದಪ್ಪ ಸೂಜಿಯೊಂದು ಇದ್ದೇ ಇರುತ್ತಿತ್ತು. ಮುಂದೆ ಅಣ್ಣನ ರೆಡಿಮೇಡ್ ಚಪ್ಪಲಿ ಅಂಗಡಿ, ಹಿಂದಿನ ಕೋಣೆಯಲ್ಲಿ ಇವಳ ವರ್ಕ್‌ಶಾಪ್. ಅಂಗಡಿಯ ಯಾವ ಅಳತೆಯೂ ಒಪ್ಪದ ಕಾಲುಗಳಿಗೆ ಸೂಜಿ ಬೂಟು ಮಾಡುತ್ತಿದ್ದಳು. ಒಂದು ಉದ್ದ ಒಂದು ಗಿಡ್ಡ ಇರುವ ಕಾಲು, ಹಿಮ್ಮಡಿ ನೆಲಕ್ಕೆ ತಾಗದ ಕಾಲು, ಸಕ್ಕರೆ ಕಾಯಿಲೆಗೆ ಬೆರಳು ಕಳೆದುಕೊಂಡ ಕಾಲು.

ಆ ಮಧ್ಯಾಹ್ನ ಅತ್ತಿಗೆ ಮಗುವನ್ನು ಸೊಂಟಕ್ಕೇರಿಸಿಕೊಂಡು ವರ್ಕ್‌ಶಾಪಿನ ಬಾಗಿಲಲ್ಲಿ ನಿಂತರು. ಮುಖದಲ್ಲಿ ಏನೋ ಸಾಧಿಸಿದ ಕಳೆ.

"ಸೂಜಿ, ಇವತ್ತು ಒಂದು ಒಳ್ಳೆ ಕೆಲಸ ಮಾಡಿದೆ. ಫೋನು ಜಾಗ ಇಲ್ಲ, ಜಾಗ ಇಲ್ಲ ಅಂತ ಬಡ್ಕೋತಿತ್ತಲ್ಲ, ಈಗ ಬಾಯಿ ಮುಚ್ಕೊಂಡಿದೆ."

"ಏನ್ ಮಾಡಿದ್ರಿ?"

"ಬರೀ ಕಾಲು ಕಣೇ ಅದರ ತುಂಬ. ಊರವರ ಕಾಲೆಲ್ಲ ನನ್ನ ಫೋನಲ್ಲಿ. ಮಗು ಫೋಟೋ ತೆಗೆಯೋಣ ಅಂದ್ರೆ ಯಾರದೋ ಉಗುರು ಕಾಣ್ಸುತ್ತೆ. ಎಲ್ಲಾ ಅಳಿಸಿಬಿಟ್ಟೆ."

ಸೂಜಿಯ ಕೈ ನಿಂತಿತು. "ಪರವಾಗಿಲ್ಲ, ಕಸದ ಬುಟ್ಟೀಲಿ ಇರುತ್ತೆ."

"ಅದನ್ನೂ ಖಾಲಿ ಮಾಡಿದೆ. ಅರ್ಧಂಬರ್ಧ ಕೆಲಸ ನನಗೆ ಆಗಿಬರಲ್ಲ, ನಿನಗೇ ಗೊತ್ತಲ್ಲ."

ಸೂಜಿ ತನ್ನ ಟ್ಯಾಬ್ ತೆಗೆದಳು. ನೋಡುತ್ತಿದ್ದಂತೆಯೇ ಗಿರಾಕಿಗಳ ಅಳತೆಯ ಕಡತಗಳು ಒಂದೊಂದಾಗಿ ಕಾಣೆಯಾಗುತ್ತಿದ್ದವು, ಯಾರೋ ಮನೆಯ ದೀಪಗಳನ್ನು ಆರಿಸುತ್ತಾ ಹೋದ ಹಾಗೆ. ಕೊನೆಗೆ ಉಳಿದದ್ದು ಬಿಳಿ ಪರದೆ, ಅದರ ಮಧ್ಯೆ 'ಹೊಸದನ್ನು ಸೇರಿಸಿ' ಎನ್ನುವ ಒಂದು ಗುಂಡಿ.

ಆದದ್ದು ಇಷ್ಟೇ. ಮನೆಗೆಲ್ಲ ಒಂದೇ ಖಾತೆ ಸಾಕು ಎಂದು ಅಣ್ಣ ಎಲ್ಲರ ಫೋನಿಗೂ ಒಂದೇ ಆ್ಯಪನ್ನು ಒಂದೇ ಹೆಸರಲ್ಲಿ ಹಾಕಿಸಿಕೊಟ್ಟಿದ್ದ. ಅದರಲ್ಲಿ ಒಂದು ಕಡೆ ಬರೆದರೆ ಎಲ್ಲ ಕಡೆಯೂ ಬಂದಿರುತ್ತಿತ್ತು. ಒಂದು ಕಡೆ ಅಳಿಸಿದರೆ ಎಲ್ಲ ಕಡೆಯೂ ಅಳಿಸಿಹೋಗುತ್ತದೆ ಎಂಬುದನ್ನು ಮಾತ್ರ ಯಾರೂ ಯೋಚಿಸಿರಲಿಲ್ಲ.

ಬೇರೆ ಯಾವ ಬೂಟಿನ ಅಂಗಡಿಯಲ್ಲಾದರೂ ಇದು ಇಷ್ಟು ದೊಡ್ಡ ಅನಾಹುತವಾಗುತ್ತಿರಲಿಲ್ಲ. ಇಲ್ಲಿ ಅಪ್ಪ ಬದುಕಿದ್ದಾಗ ಮಾಡಿಟ್ಟ ಒಂದು ಕಟ್ಟಳೆ ಇತ್ತು. ಪ್ರತಿ ಗಿರಾಕಿಯ ಕಾಲಿಗೂ ಮರದಲ್ಲಿ ಕೆತ್ತಿದ ಒಂದು ಅಚ್ಚು ಇರುತ್ತದೆ. ಆ ಅಚ್ಚಿನ ಮೇಲೆ ಬರೀ ನಂಬರು, ಹೆಸರು ಬರೆಯಕೂಡದು. ತನ್ನ ಕಾಲಿನ ಸೊಟ್ಟವನ್ನು ಇನ್ನೊಬ್ಬ ಗಿರಾಕಿ ನೋಡಿದರೆ ಯಾರಿಗಾದರೂ ನಾಚಿಕೆ ಎಂದು ಅಪ್ಪ ಹೇಳುತ್ತಿದ್ದರು. ಯಾವ ನಂಬರು ಯಾರದ್ದು ಎಂಬುದು ಇದ್ದದ್ದು ಆ ಕಡತಗಳಲ್ಲಿ ಮಾತ್ರ. ಈಗ ಗೋಡೆಯುದ್ದಕ್ಕೂ ನಿಂತಿದ್ದ ಮರದ ಕಾಲುಗಳಿಗೆಲ್ಲ ಒಂದೇ ಗಳಿಗೆಯಲ್ಲಿ ದಿಕ್ಕಿಲ್ಲದಂತಾಗಿತ್ತು.

ಅಣ್ಣ ಕೆಟ್ಟವನಲ್ಲ. ಹೆಂಡತಿಯ ಪರವಾಗಿ ಮೊದಲು ಬೇಸರ ಪಟ್ಟ. ಆಮೇಲೆ ಡಬ್ಬಗಳನ್ನು ಜೋಡಿಸುತ್ತಾ, ತಂಗಿಯ ಮುಖ ನೋಡದೆ ಹೇಳಿದ, "ಒಂದು ರೀತೀಲಿ ಒಳ್ಳೇದೇ ಆಯ್ತು ಬಿಡು."

"ಯಾವ ರೀತೀಲಿ?"

"ಎಷ್ಟು ವರ್ಷ ಅಂತ ಕಂಡವರ ಕಾಲು ಹಿಡ್ಕೊಂಡು ಕೂರ್ತೀಯ? ಮುಂದೆ ಬಂದು ಗಲ್ಲಾದಲ್ಲಿ ಕೂತ್ಕೋ, ಮರ್ಯಾದೆಯಾಗಿ. ಹಿಂದಿನ ಕೋಣೇನ ಗೋಡೌನ್ ಮಾಡ್ತೀನಿ. ಸೋಮವಾರ ರ‍್ಯಾಕ್ ಬರುತ್ತೆ."

"ಅಳಿಸಿಹೋದದ್ದು ಇವತ್ತು. ರ‍್ಯಾಕಿಗೆ ಯಾವಾಗ ಹೇಳಿದ್ದೆ?"

ಅಣ್ಣ ಎರಡು ಡಬ್ಬಗಳ ಜಾಗ ಅದಲುಬದಲು ಮಾಡಿದ. "ಅಳತೆ ತಾನೇ. ಬೇಕಿದ್ರೆ ಮತ್ತೆ ತಗೊಂಡ್ರಾಯ್ತು."

"ಇವತ್ತಿನ ಕಾಲು ಅಳೀಬಹುದು ಅಣ್ಣ. ಹೋದ ವರ್ಷದ ಕಾಲನ್ನ ಎಲ್ಲಿಂದ ತಂದು ಅಳೀಲಿ?"

"ಹೋದ ವರ್ಷದ ಕಾಲು ಯಾರಿಗೆ ಬೇಕೇ?"

"ನರ್ಸಮ್ಮನ ಹಿಮ್ಮಡೀನ ಪ್ರತಿ ಸಲ ಕೂದಲೆಳೆಯಷ್ಟು ಎತ್ತರಿಸ್ತಾ ಬಂದಿದೀನಿ. ಎಲ್ಲಿ ನೋವಾಯ್ತು, ಎಲ್ಲಿ ಹಿಂದಕ್ಕೆ ಬಂದೆ ಅನ್ನೋದೇ ಅದಕ್ಕೆ ಔಷಧಿ. ಅದು ಹೋದ್ರೆ ಅವರ ನೋವನ್ನ ಮೊದಲಿಂದ ಶುರು ಮಾಡ್ಬೇಕು. ಅವರೊಬ್ಬರದ್ದಲ್ಲ, ಎಲ್ಲರದ್ದೂ."

ಅಣ್ಣ ನಿಟ್ಟುಸಿರಿಟ್ಟ. "ಸರಿ. ಸೋಮವಾರದೊಳಗೆ ಎಲ್ಲಾ ವಾಪಸ್ ತಂದರೆ ರ‍್ಯಾಕು ವಾಪಸ್. ಇಲ್ಲದಿದ್ರೆ ನೀನು ಗಲ್ಲಾಕ್ಕೆ. ಆಗಬಹುದಾ?"

"ಆಗಬಹುದು," ಎಂದಳು ಸೂಜಿ. ಹೇಗೆ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಹಠ ಮಾತ್ರ ಇತ್ತು.

ಆ್ಯಪಿನ ಕಂಪನಿಗೆ ಬರೆದಳು. ಉತ್ತರ ಬೇಗ ಬಂತು, ತುಂಬಾ ವಿನಯದಿಂದಲೂ ಬಂತು: ಕಸದ ಬುಟ್ಟಿಯಿಂದಲೂ ಅಳಿಸಿದ್ದನ್ನು ತಾವು ಮರಳಿ ತರಲಾರೆವು, ವಿಷಾದಿಸುತ್ತೇವೆ. ಜೊತೆಗೊಂದು ಸಲಹೆ. ನಿಮ್ಮ ಖಾತೆ ತೆರೆದಿರುವ ಹಳೆಯ ಫೋನುಗಳೇನಾದರೂ ಇದ್ದರೆ, ಸುರಕ್ಷತೆಗಾಗಿ ತೆಗೆದುಹಾಕಿ.

ತೆಗೆದುಹಾಕಲು ಹೋದಳು. ಅಣ್ಣನ ಫೋನು, ಅತ್ತಿಗೆಯ ಫೋನು, ತನ್ನ ಟ್ಯಾಬು. ಎಲ್ಲಕ್ಕಿಂತ ಕೆಳಗೆ, ಮಸುಕು ಬಣ್ಣದಲ್ಲಿ: 'ಬಡಗಿ ಫೋನ್. ಕೊನೆಯ ಸಂಪರ್ಕ ಹೋದ ವರ್ಷ.'

ಬೆರಳು ಗುಂಡಿಯ ಮೇಲೇ ಇತ್ತು. ಒತ್ತಲಿಲ್ಲ. ಹೋದ ವರ್ಷದಿಂದ ಸಂಪರ್ಕವೇ ಇಲ್ಲದ ಫೋನಿಗೆ, ಇವತ್ತು ಅಳಿಸಿದ ಸುದ್ದಿ ಹೇಗೆ ತಲುಪಿರುತ್ತದೆ?

ತಲುಪಿರುವುದಿಲ್ಲ.

ಅವಳ ಎದೆ ಹೊಡೆದುಕೊಳ್ಳತೊಡಗಿತು. ಕಡತಗಳಿಗಾಗಿ ಎಂದು ತನಗೆ ತಾನೇ ಹೇಳಿಕೊಂಡಳು.

ಬಡಗಿ ಮೊದಲು ಬಂದದ್ದು ಗಿರಾಕಿಯಾಗಿ. ಎಡಗಾಲು ಬಲಗಾಲಿಗಿಂತ ಗಿಡ್ಡ. ನಡೆದರೆ ಭುಜವೊಂದು ಅಲೆಯ ಹಾಗೆ ಏರಿಳಿಯುತ್ತಿತ್ತು. ತನಗಾಗಿ ಸೂಜಿ ಹೊರಗಿನಿಂದ ಕೆತ್ತಿಸಿ ತಂದ ಅಚ್ಚನ್ನು ಕೈಯಲ್ಲಿ ತಿರುಗಿಸಿ ನೋಡಿ, "ಇದು ಕಾಲಲ್ಲ, ಬದನೆಕಾಯಿ" ಎಂದಿದ್ದ. ಮರುದಿನ ತಾನೇ ಒಂದನ್ನು ಕೆತ್ತಿ ತಂದಿದ್ದ. ಅಂದಿನಿಂದ ಆ ವರ್ಕ್‌ಶಾಪಿನ ಅಚ್ಚುಗಳೆಲ್ಲ ಅವನವೇ. ಅವಳು ಅಳೆದು ಬರೆಯುತ್ತಿದ್ದಳು, ಅವನು ಫೋನಿನಲ್ಲಿ ಓದಿ ಕೆತ್ತುತ್ತಿದ್ದ. ಇಬ್ಬರ ನಡುವೆ ಒಂದು ಮೇಜು, ಮರದ ಹೊಟ್ಟು, ಮುಗಿಯದ ಜಗಳ. ಅವಳು ತಲೆಯೆತ್ತಿದಾಗಲೆಲ್ಲ ಅವನು ಆಗಷ್ಟೇ ತಲೆ ತಗ್ಗಿಸಿರುತ್ತಿದ್ದ.

ಒಂದು ದಿನ ಅವನು, "ನಾಳೆ ನಿನ್ನ ಅಣ್ಣನ ಹತ್ತಿರ ಮಾತಾಡ್ತೀನಿ" ಎಂದ. ಏನು ಎಂದು ಅವಳು ಕೇಳಲಿಲ್ಲ, ಗೊತ್ತಿತ್ತು. ಮರುದಿನ ಅವನು ಬರಲಿಲ್ಲ. ಅದರ ಮರುದಿನವೂ ಇಲ್ಲ. ದೊಡ್ಡ ಮರದಂಗಡಿಯಲ್ಲಿ ಒಳ್ಳೆ ಸಂಬಳಕ್ಕೆ ಸೇರಿದನಂತೆ ಎಂದು ಅಣ್ಣ ಹೇಳಿದ.

ಆ ಮರದಂಗಡಿಗೆ ಶನಿವಾರ ಸೂಜಿ ಹೋದಳು. ಮೆಷಿನ್ ಕಿವಿಗಡಚಿಕ್ಕುವಂತೆ ಕೂಗುತ್ತಿತ್ತು. ಬಡಗಿ ಬಾಗಿಲ ಚೌಕಟ್ಟೊಂದಕ್ಕೆ ಉಜ್ಜುಗೊರಡು ಹಾಕುತ್ತಿದ್ದವನು ತಲೆಯೆತ್ತಿ ನೋಡಿದ. ಹುಬ್ಬಿನ ಮೇಲೆಲ್ಲ ಮರದ ಪುಡಿ. ಒಂದು ಕ್ಷಣ ಆ ಹುಬ್ಬು ಮೇಲೇರಿ, ಏನೋ ನೆನಪಾದಂತೆ ಕೆಳಗಿಳಿಯಿತು.

"ಏನು ಬೇಕಾಗಿತ್ತು ಮೇಡಂ? ಬಾಗಿಲಾ, ಕಿಟಕೀನಾ?"

"ಫೋನ್."

"ಇದು ಮರದಂಗಡಿ. ನೀವು ಪಕ್ಕದ ಬೀದೀಲಿ ಕೇಳಿ."

ನೀವು. ಆ ಒಂದು ಮಾತು ಅವಳಿಗೆ ನೆಟ್ಟಗೆ ಹೋಗಿ ನಾಟಿತು. ತೋರಿಸಿಕೊಳ್ಳಲಿಲ್ಲ. ಕಣ್ಣು ತಗ್ಗಿಸಿದಾಗ ಅವನ ಬೂಟು ಕಂಡಿತು. ಅವಳೇ ಹೊಲಿದದ್ದು. ಕೆಳಗಿನ ಅಟ್ಟೆ ಮಾತ್ರ ಬೇರೆ.

"ಆ ಅಟ್ಟೆ ಯಾರು ಹಾಕಿದ್ದು?"

"ಬಸ್ ಸ್ಟ್ಯಾಂಡಲ್ಲಿ ಒಬ್ಬರು."

"ಅವರ ಕೈ ಕತ್ತರಿಸಬೇಕು."

"ಪಾಪ, ವಯಸ್ಸಾದವರು."

"ಇಳಿಜಾರೇ ಕೊಟ್ಟಿಲ್ಲ. ಸೊಂಟ ನೋಯ್ತಿಲ್ವಾ?"

"ನೋಯುತ್ತೆ," ಎಂದ ಅವನು. "ನಿಮಗೇನಂತೆ?"

ಸೂಜಿ ಎಲ್ಲವನ್ನೂ ಹೇಳಿದಳು. ಅತ್ತಿಗೆ ಕಸದ ಬುಟ್ಟಿಯನ್ನೂ ಖಾಲಿ ಮಾಡಿದ ಜಾಗಕ್ಕೆ ಬಂದಾಗ ಅವನ ತುಟಿಯ ಒಂದು ಮೂಲೆ ತಡೆಯಲಾರದೆ ನಡುಗಿತು. ನಕ್ಕರೆ ಕೊಂದೇಬಿಡುತ್ತೇನೆ ಎನ್ನುವಂತೆ ಅವಳು ನೋಡಿದಳು. ಅವನು ಕೆಮ್ಮಿದ.

"ಹಳೇ ಫೋನ್ ಇದೆ," ಎಂದ. "ಸಿಮ್ ತೆಗೆದಿಟ್ಟಿದೀನಿ. ವೈಫೈ ಆಫ್ ಮಾಡಿದೀನಿ. ಪೆಟ್ಟಿಗೇಲಿ ಸುಮ್ಮನೆ ಬಿದ್ದಿದೆ."

"ಹಾಗಾದ್ರೆ ನಾಳೆ ವರ್ಕ್‌ಶಾಪಿಗೆ ತಗೊಂಡು ಬಾ. ಭಾನುವಾರ, ಅಂಗಡಿ ಮುಚ್ಚಿರುತ್ತೆ."

"ಅಲ್ಲಿಗೆ ನಾನು ಬರಲ್ಲ."

ಅವಳ ಮುಖ ಕೆಂಪಾಯಿತು. "ಅಷ್ಟು ಹೇಸಿಗೆಯಾಗೋಯ್ತಾ ಆ ಜಾಗ? ಒಳ್ಳೇದು. ಫೋನು ನೀನೇ ಇಟ್ಕೋ, ಬಾಗಿಲೂ ಕಿಟಕೀನೂ ಮಾಡ್ಕೊಂಡು ಸುಖವಾಗಿರು." ತಿರುಗಿ ನಡೆದೇಬಿಟ್ಟಳು. ಅವನು ಹಿಂದೆಯೇ ಬಂದ. ಆ ಕೆಟ್ಟ ಅಟ್ಟೆಯ ಟಕ್ ಟಕ್ ಸದ್ದು ಅವಳಿಗೆ ಕೇಳಿಸುತ್ತಿತ್ತು.

"ಪೂರ್ತಿ ಕೇಳಿಸ್ಕೊಳ್ಳೇ, ಮಾರಾಯ್ತಿ. ಮಾತು ಅರ್ಧ ಆಗೋಷ್ಟರಲ್ಲಿ ನಿನ್ನ ಕಾಲು ಬೀದೀಲಿರುತ್ತೆ. ಆ ಫೋನಿಗೆ ನಿನ್ನ ವರ್ಕ್‌ಶಾಪಿನ ವೈಫೈ ಗೊತ್ತು, ಪಾಸ್‌ವರ್ಡ್ ಸಮೇತ. ಅದರ ಸ್ಕ್ರೀನ್ ಒಡೆದಿದೆ. ಯಾರೂ ಮುಟ್ಟದೆ ಇದ್ರೂ ಅದರಷ್ಟಕ್ಕೆ ಅದೇ ಏನೇನೋ ಒತ್ಕೊಳ್ಳುತ್ತೆ. ಒಂದೇ ಒಂದು ಸಲ ವೈಫೈ ಆನ್ ಆದ್ರೆ ಸಾಕು, ನಿನ್ನ ಅತ್ತಿಗೆ ಮಾಡಿದ ಒಳ್ಳೆ ಕೆಲಸ ಇದಕ್ಕೂ ಬಂದುಬಿಡುತ್ತೆ."

ಸೂಜಿ ನಿಂತಳು. ಅವನು ಹೇಳಿದ್ದರಲ್ಲಿ ಅವಳ ಕಿವಿಗೆ ಮೊದಲು ಬಿದ್ದದ್ದು ವೈಫೈ ಅಲ್ಲ. ನೀವು ಹೋಗಿ ನೀನು ಆಗಿತ್ತು. ಅವನಿಗೇ ಅದು ಗೊತ್ತಾಗಿರಲಿಲ್ಲ.

"ಮತ್ತೆ ಎಲ್ಲಿ?"

"ಇಲ್ಲೇ ಕೆಳಗೆ, ಹಲಗೆ ಒಣಗಿಸೋ ನೆಲಮಾಳಿಗೆ. ಹೆಂಡತಿ ಫೋನ್ ಮಾಡ್ತಾರೆ ಅಂತ ಗೊತ್ತಾದಾಗೆಲ್ಲ ನಮ್ಮ ಮಾಲೀಕರು ಅಲ್ಲಿಗೇ ಇಳೀತಾರೆ. ಯಾವ ಸಿಗ್ನಲ್ಲೂ ಬರಲ್ಲ."

ಭಾನುವಾರ ಬೆಳಿಗ್ಗೆ ನೆಲಮಾಳಿಗೆಯಲ್ಲಿ ಹಸಿ ಮರದ ವಾಸನೆ ತುಂಬಿತ್ತು. ಎತ್ತರದ ಒಂದು ಜಾಲರಿಯಿಂದ ಬಿಸಿಲು ಪಟ್ಟಿಪಟ್ಟಿಯಾಗಿ ಹಲಗೆಗಳ ಮೇಲೆ ಬಿದ್ದಿತ್ತು. ಇಬ್ಬರೂ ಒಂದೇ ಹಲಗೆಯ ಮೇಲೆ, ನಡುವೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕುಳಿತರು. ಬಡಗಿ ಫೋನನ್ನು ಚಾರ್ಜಿಗೆ ಹಾಕಿದ. ಬಿರುಕುಬಿಟ್ಟ ಪರದೆಯಲ್ಲಿ ಬೆಳಕು ಬಂತು.

ಆ್ಯಪ್ ತೆರೆದುಕೊಂಡಿತು. ಅಲ್ಲಿದ್ದವು, ಕಾಲುಗಳು. ನರ್ಸಮ್ಮನ ಹಿಮ್ಮಡಿ, ಟ್ರಾಫಿಕ್ ಪೊಲೀಸಿನವನ ಚಪ್ಪಟೆ ಪಾದ, ಸಂಗೀತದ ಟೀಚರಮ್ಮನ ಮಡಚಿಕೊಂಡ ಕಿರುಬೆರಳು. ಪ್ರತಿಯೊಂದರ ಕೆಳಗೂ ಸೂಜಿ ಬರೆದ ಮಾತುಗಳು. ಅವಳು ಬಾಯಿಗೆ ಕೈ ಅಡ್ಡ ಹಿಡಿದಳು. ಇಷ್ಟು ಚೆಂದದ ಕಾಲುಗಳನ್ನು ಅವಳು ಜೀವಮಾನದಲ್ಲಿ ನೋಡಿರಲಿಲ್ಲ.

"ಅಳೋದು ಆಮೇಲೆ ಇಟ್ಕೋ. ಕೇಬಲ್ ಕೊಡು."

"ಯಾರು ಅಳ್ತಿರೋದು? ಮರದ ಪುಡಿ."

ಎಲ್ಲ ಕಡತಗಳನ್ನೂ ಒಂದೇ ಗಂಟಾಗಿ ಹೊರಗೆ ತೆಗೆಯುವ ಆಯ್ಕೆಯೊಂದು ಆ್ಯಪಿನಲ್ಲಿತ್ತು. ಅವಳು ಅದನ್ನು ಒತ್ತಿದಳು. ಒಂದು ನೀಲಿ ಗೆರೆ ನಿಧಾನವಾಗಿ ಉದ್ದವಾಗತೊಡಗಿತು. ಅರ್ಧ ದಾಟಿರಬೇಕು, ಪರದೆಯ ಮೇಲಂಚು ತಾನಾಗಿಯೇ ಕೆಳಗೆ ಜಾರಿ ಬಂತು. ವೈಫೈ ಗುರುತು, ಬ್ಲೂಟೂತ್ ಗುರುತು, ಟಾರ್ಚ್. ಕಾಣದ ಬೆರಳೊಂದು ಮುಟ್ಟಿದ ಹಾಗೆ ಟಾರ್ಚ್ ಹೊತ್ತಿಕೊಂಡಿತು.

"ಸಿಗ್ನಲ್ಲೇ ಇಲ್ವಲ್ಲ ಇಲ್ಲಿ," ಎಂದಳು ಸೂಜಿ.

"ಮಾಲೀಕರು ಹೇಳಿದ್ದು ಅದು. ಹೆಂಡತಿಗೆ ಹೇಳೋ ಮಾತು. ನಂಬೋದಾ? ಮೇಲಿನ ಅಂಗಡಿ ವೈಫೈಯೂ ಈ ಫೋನಿಗೆ ಗೊತ್ತು."

ಇಬ್ಬರ ಬೆರಳೂ ಒಟ್ಟಿಗೇ ಆ ಅಂಚನ್ನು ಮೇಲಕ್ಕೆ ತಳ್ಳಲು ಹೋದವು. ಅವನ ಬೆರಳು ಅವಳ ಬೆರಳಿನ ಮೇಲೆ ಬಿತ್ತು. ತುದಿ ಜಡ್ಡುಗಟ್ಟಿದ, ಒರಟು ಬೆರಳು. ಅಂಚು ಮೇಲಕ್ಕೆ ಹೋಯಿತು. ಬೆರಳುಗಳು ಹೋಗಲಿಲ್ಲ. ನೀಲಿ ಗೆರೆ ಕೊನೆ ಮುಟ್ಟುವವರೆಗೂ ಇಬ್ಬರೂ ಆ ಕೈಗಳ ಕಡೆ ನೋಡದೆ, ಗೆರೆಯನ್ನೇ ನೋಡುತ್ತಾ ಕುಳಿತರು, ಅದು ತುಂಬಾ ಮುಖ್ಯವಾದ ಕೆಲಸ ಎನ್ನುವಂತೆ.

ಮುಗಿಯಿತು. ಲ್ಯಾಪ್‌ಟಾಪಿನಲ್ಲಿ ಎಲ್ಲವೂ ಇತ್ತು. ಬಡಗಿ ತಕ್ಷಣ ಫೋನನ್ನು ಆಫ್ ಮಾಡಿದ. ಸೂಜಿ ಕಡತಗಳನ್ನು ಒಂದೊಂದಾಗಿ ತೆರೆದು ನೋಡಿದಳು. ಆಮೇಲೆ ಏನನ್ನೋ ಹುಡುಕತೊಡಗಿದಳು. ಮೇಲಿಂದ ಕೆಳಗೆ, ಕೆಳಗಿಂದ ಮೇಲೆ.

"ಹುಡುಕಬೇಡ," ಎಂದ ಬಡಗಿ. "ನನ್ನದು ಅದರಲ್ಲಿಲ್ಲ."

ಅವಳ ಕೈ ನಿಂತಿತು.

"ಆ ಕೆಲಸ ಬಿಟ್ಟ ಮೇಲೂ ದಿನಾ ನೋಡ್ತಿದ್ದೆ. ನೀನು ಇವತ್ತು ಯಾರ ಕಾಲು ಅಳೆದೆ, ಏನು ಬರೆದೆ ಅಂತ. ಕೆತ್ತೋಕೆ ಅಲ್ಲ, ಸುಮ್ಮನೆ. ಒಂದು ಸಂಜೆ ನನ್ನ ಕಡತ ತೆಗೆದು ನೋಡ್ತಿದ್ದೆ. ನೋಡ್ತಾ ಇದ್ದ ಹಾಗೇ ಮಾಯವಾಯ್ತು. ಯಾರು ಅಳಿಸಿದ್ರು ಅಂತ ಕೇಳ್ಬೇಕಾಗಿರಲಿಲ್ಲ. ಅವತ್ತೇ ಸಿಮ್ ತೆಗೆದೆ, ವೈಫೈ ಆಫ್ ಮಾಡಿದೆ. ಕೋಪ ಬಂದ್ರೆ ನೀನು ಇನ್ನೇನು ಅಳಿಸ್ತೀಯೋ. ಉಳಿದವರಾದ್ರೂ ಇರಲಿ ಅಂತ."

ಬಿಸಿಲಿನ ಪಟ್ಟಿ ಅವರ ಕಾಲ ಬಳಿ ಸರಿದಿತ್ತು. ಸೂಜಿ ಅದನ್ನೇ ನೋಡುತ್ತಾ ಮಾತಾಡಿದಳು.

"ಅಳಿಸಿದ್ದು ನಾನೇ. ಆದ್ರೆ ಕಸದ ಬುಟ್ಟಿ ಖಾಲಿ ಮಾಡಲಿಲ್ಲ. ಒಂದು ತಿಂಗಳು ಅದು ಅಲ್ಲೇ ಇರುತ್ತಲ್ಲ, ದಿನಾ ಹೋಗಿ ನೋಡ್ತಿದ್ದೆ. ಒಂದು ಗುಂಡಿ ಒತ್ತಿದ್ರೆ ವಾಪಸ್ ಬರ್ತಿತ್ತು. ನೀನು ಬಂದ ದಿನ ಒತ್ತೋಣ, ಮೊದಲು ಇವನು ಬರಲಿ ಅಂತ ಕೂತೆ. ಒಂದು ದಿನ ಹೋಗಿ ನೋಡಿದ್ರೆ ಬುಟ್ಟಿ ಖಾಲಿ. ತಿಂಗಳಾಗಿತ್ತು." ಅವಳ ದನಿ ಗಡುಸಾಯಿತು. "ನೀನು ಯಾಕೆ ಬರಲಿಲ್ಲ? ಸಂಬಳ ಜಾಸ್ತಿ ಅಂತಾನಾ?"

"ಸಂಬಳ? ಇಲ್ಲಿ ಕೊಡೋದು ಅಲ್ಲಿಗಿಂತ ಕಮ್ಮಿ."

"ಮತ್ತೆ?"

ಬಡಗಿ ಹಲಗೆಯ ಒಂದು ಸಿಬಿರನ್ನು ಉಗುರಿಂದ ಕೆರೆಯುತ್ತಾ ಕುಳಿತ. "ನಿನ್ನ ಅಣ್ಣನ ಹತ್ತಿರ ಹೋದೆ. ಅವರು ಬೈಯಲಿಲ್ಲ. ಬೈದಿದ್ರೆ ಚೆನ್ನಾಗಿತ್ತು. ಕಾಫಿ ಕೊಟ್ಟು ಹೇಳಿದ್ರು, ನೋಡಪ್ಪಾ, ನನ್ನ ತಂಗಿಗೆ ಕಾಲು ಸರಿಯಿಲ್ಲದವರನ್ನ ಕಂಡ್ರೆ ಕನಿಕರ. ಚಿಕ್ಕಂದಿನಿಂದ ಹಾಗೇ. ಅದನ್ನ ನೀನು ಬೇರೆ ಏನೋ ಅಂದ್ಕೊಂಡಿದೀಯ. ನಾಳೆ ಅವಳಿಗೂ ಅದು ಗೊತ್ತಾದಾಗ ಕಷ್ಟ ಆಗೋದು ನಿನಗೇ ಅಂತ."

"ನೀನು ನಂಬಿದೆ."

"ನಂಬೋ ಹಾಗೇ ಇತ್ತು. ನೀನು ಎಲ್ಲರ ಕಾಲನ್ನೂ ಹಾಗೇ ಹಿಡೀತೀಯ. ಮೆತ್ತಗೆ."

ಸೂಜಿ ಎದ್ದು ನಿಂತಳು. ಕಣ್ಣಲ್ಲಿ ನೀರಿತ್ತು, ಬಾಯಲ್ಲಿ ಬೆಂಕಿ.

"ಕನಿಕರಾನಾ? ನರ್ಸಮ್ಮನ ಮೇಲೆ ನನಗೆ ಕನಿಕರ, ಅವರ ಹತ್ತಿರ ನಾನು ಯಾವತ್ತಾದ್ರೂ ಜಗಳ ಆಡಿದ್ದು ನೋಡಿದೀಯಾ? ಅವರು ಬರೋದು ತಡವಾದ್ರೆ ನಾನು ಊಟ ಬಿಟ್ಟು ಕೂತಿದೀನಾ? ಅವರ ಅಟ್ಟೆ ಇನ್ಯಾರೋ ಹಾಕಿದ್ರೆ ಆ ಯಾರೋಗೆ ಶಾಪ ಹಾಕಿದೀನಾ? ನಿನ್ನನ್ನ ನೋಡಿದ್ರೆ ನನಗೆ ಬರೋದು ಕನಿಕರ ಅಲ್ಲ, ಕೋಪ. ಇವತ್ತೂ ಬಂದಿದೆ. ನಾಳೆನೂ ಬರುತ್ತೆ. ಜೀವ ಇರೋವರೆಗೂ ಬರುತ್ತೆ, ಹೇಳಿರ್ತೀನಿ."

ಬಡಗಿ ತಲೆಯೆತ್ತಿ ಅವಳನ್ನೇ ನೋಡಿದ. ಈ ಸಲ ತಗ್ಗಿಸಲಿಲ್ಲ.

"ಜೀವ ಇರೋವರೆಗೂ ಅಂದ್ರೆ," ಎಂದ ನಿಧಾನವಾಗಿ, "ದಿನಾ ಕೋಪ ಮಾಡ್ಕೊಳ್ಳೋಕೆ ನಾನು ಹತ್ತಿರದಲ್ಲೇ ಇರ್ಬೇಕಾಗುತ್ತೆ."

"ಇರು. ಯಾರು ಬೇಡ ಅಂದ್ರು?"

"ನಿನ್ನ ಅಣ್ಣ."

"ಅವನನ್ನ ನಾನು ನೋಡ್ಕೋತೀನಿ. ನೀನು ಮಾತ್ರ ಇನ್ನೊಂದು ಸಲ ಯಾರದೋ ಕಾಫಿ ಕುಡಿದು ನನ್ನ ಮನಸ್ಸಲ್ಲಿರೋದನ್ನ ಅವರಿಂದ ತಿಳ್ಕೊಂಡು ಬರಬೇಡ. ನನ್ನನ್ನ ಕೇಳು."

ಅವನು ಕೇಳಿದ. ಅಲ್ಲಿಯೇ, ಹಸಿ ಹಲಗೆಗಳ ನಡುವೆ, ಎರಡೇ ಮಾತಿನಲ್ಲಿ. ಅವಳು ಏನು ಉತ್ತರ ಕೊಟ್ಟಳು ಎಂಬುದನ್ನು ನಾನು ಬರೆಯುವುದಿಲ್ಲ. ಆ ನೆಲಮಾಳಿಗೆಯಿಂದ ಯಾವುದೂ ಹೊರಗೆ ಹೋಗುವುದಿಲ್ಲ ಎಂಬ ನಂಬಿಕೆಯಲ್ಲೇ ಇಬ್ಬರೂ ಇದ್ದರು.

ಸೋಮವಾರ ಬೆಳಿಗ್ಗೆ ರ‍್ಯಾಕು ತುಂಬಿದ ವ್ಯಾನ್ ಬಂದು ನಿಂತಾಗ, ಅಂಗಡಿಯ ನಟ್ಟನಡುವೆ ಸೂಜಿ ಮಣೆ ಹಾಕಿಕೊಂಡು ಕುಳಿತಿದ್ದಳು. ಅವಳೆದುರು ಕುರ್ಚಿಯಲ್ಲಿ ಬಡಗಿ. ಅವನ ಬರಿಯ ಎಡಗಾಲು ಅವಳ ಮಡಿಲಲ್ಲಿ. ಹಿಂದಿನ ಕೋಣೆಯಲ್ಲಿ ಪರದೆ ಎಳೆದು ಅಳೆಯುವುದು ಅಪ್ಪನ ಕಾಲದ ಪದ್ಧತಿ. ಪರದೆ ಎಳೆಯಲೇ ಎಂದು ಅವಳು ಕೇಳಿದಾಗ, "ನನಗೆ ಪರದೆ ಬೇಡ" ಎಂದಿದ್ದ ಬಡಗಿ. ಚಪ್ಪಲಿ ಕೊಳ್ಳಲು ಬಂದ ಇಬ್ಬರು ಹೆಂಗಸರು ಕೈಯಲ್ಲಿದ್ದ ಚಪ್ಪಲಿಯನ್ನು ಮರೆತು ನೋಡುತ್ತಿದ್ದರು.

"ಇದೇನಿದು ಅಂಗಡಿ ಮಧ್ಯೆ?" ಎಂದ ಅಣ್ಣ, ದನಿ ತಗ್ಗಿಸಿ. "ಗಿರಾಕಿಗಳಿದ್ದಾರೆ."

"ಇವನೂ ಗಿರಾಕೀನೇ." ಟೇಪು ಹಿಮ್ಮಡಿಯ ಸುತ್ತ ಬಂತು. "ಕಡತ ಸಿಕ್ಕಿತು ಅಣ್ಣ. ಇವನ ಹತ್ತಿರ ಇತ್ತು."

"ಎಲ್ಲಾ ಸಿಕ್ಕಿತಾ?"

"ಇವನು ಆ ಫೋನು ಮುಚ್ಚಿಟ್ಟ ಮೇಲೆ ಬಂದವರದು ಇಲ್ಲ. ಇವನದೂ ಇಲ್ಲ."

"ಎಲ್ಲಾ ಅಂದಿದ್ದೆ ನಾನು," ಎಂದ ಅಣ್ಣ. "ಮಾತು ಅಂದ್ರೆ ಮಾತು."

"ನಿನ್ನ ಮಾತು ನಿನ್ನ ಹತ್ತಿರಾನೇ ಇರಲಿ. ಬಂದಷ್ಟು ನನಗೆ ಸಾಕು. ಉಳಿದವರನ್ನ ಕರೆದು ಮತ್ತೆ ಅಳೀತೀನಿ. ಆ ಕೋಣೆ ಬಿಡಲ್ಲ, ಗಲ್ಲಾದಲ್ಲಿ ಕೂರಲ್ಲ." ಅವಳು ತಲೆಯೆತ್ತಿದಳು. ಕೈ ಮಾತ್ರ ಆ ಪಾದವನ್ನು ಬಿಡಲಿಲ್ಲ. "ಇವನನ್ನ ಮದುವೆ ಆಗ್ತೀನಿ. ಇದನ್ನ ನಿನ್ನ ಹತ್ತಿರ ಕೇಳ್ತಿಲ್ಲ, ಹೇಳ್ತಿದೀನಿ. ಕನಿಕರಕ್ಕೆ ಅಲ್ಲ ಅನ್ನೋದನ್ನೂ ಹೇಳ್ತಿದೀನಿ, ನಾಲ್ಕು ಜನರ ಮುಂದೆ."

ಕನ್ನಡಿಯ ಮುಂದಿದ್ದ ಹೆಂಗಸೊಬ್ಬಳು ಇನ್ನೊಬ್ಬಳ ಕೈ ಹಿಂಡಿದಳು. ಅಣ್ಣ ಬಡಗಿಯ ಕಡೆ ನೋಡಿದ. ಬಡಗಿ ಒಂದು ಕಾಲನ್ನು ಅವಳ ಮಡಿಲಲ್ಲಿಟ್ಟು ಕುಳಿತವನು ಎಷ್ಟು ಗಂಭೀರವಾಗಿರಬಹುದೋ ಅಷ್ಟು ಗಂಭೀರವಾಗಿ ತಿರುಗಿ ನೋಡಿದ.

"ನೀನೇನಂತೀಯಪ್ಪಾ?"

"ನಾನೇನನ್ನಲಿ," ಎಂದ ಬಡಗಿ, "ಕಾಲು ಅವಳ ಕೈಯಲ್ಲಿದೆ."

ಹೆಂಗಸರು ನಕ್ಕುಬಿಟ್ಟರು. ಅಣ್ಣ ನಗಲಿಲ್ಲ. ಹೊರಗೆ ವ್ಯಾನಿನವನು, "ಸಾರ್, ಎಲ್ಲಿ ಇಳಿಸ್ಲಿ?" ಎಂದು ಕೂಗಿದ.

ಉತ್ತರ ಕೊಟ್ಟದ್ದು ಅತ್ತಿಗೆ. ಮಗುವನ್ನು ಎತ್ತಿಕೊಂಡು ಒಳಗಿಂದ ಬಂದರು. ಮೂರು ದಿನದಿಂದ ಸರಿಯಾಗಿ ಊಟ ಮಾಡಿರಲಿಲ್ಲ, ಮುಖದಲ್ಲೇ ಕಾಣುತ್ತಿತ್ತು.

"ನಮ್ಮ ಮಲಗೋ ಕೋಣೇಲಿ ಇಳಿಸಪ್ಪಾ," ಎಂದರು. "ನಿಮ್ಮ ಸಾಹುಕಾರರು ಆ ರ‍್ಯಾಕಿನ ಮೇಲೇ ಮಲಗ್ತಾರೆ. ಅಳಿಸಿದ್ದು ನಾನು, ಅದರಿಂದ ಜಾಗ ಮಾಡ್ಕೊಳ್ಳೋರು ಇವರಾ?" ಗಂಡನ ಕಡೆ ತಿರುಗಿ, ದನಿ ಇಳಿಸಿ ಸೇರಿಸಿದರು, "ಆ ಕಾಫಿ ವಿಷಯ ಸೂಜಿ ನನಗೆ ಹೇಳಿದ್ಲು. ಮದುವೇಗೆ ಮುಂಚೆ ನಮ್ಮಪ್ಪನೂ ನಿಮಗೆ ಕಾಫಿ ಕೊಟ್ಟು ಏನೋ ಹೇಳಿದ್ರಲ್ಲ. ನೀವು ಅಲ್ಲಿಂದ ಎದ್ದು ಹೋದ್ರಾ?"

ಅಣ್ಣ ಒಂದು ಡಬ್ಬ ಎತ್ತಿ, ಮತ್ತೆ ಅಲ್ಲೇ ಇಟ್ಟ. ಆಮೇಲೆ ಹೊರಗೆ ಹೋಗಿ ವ್ಯಾನಿನವನ ಹತ್ತಿರ ಏನೋ ಮಾತಾಡಿದ. ವ್ಯಾನ್ ಹಿಂದಕ್ಕೆ ತಿರುಗುವ ಸದ್ದು ಕೇಳಿಸಿತು. ಸೂಜಿ ತಲೆ ತಗ್ಗಿಸಿ ಅಳತೆ ಮುಂದುವರಿಸಿದಳು. ಅವಳ ಹೆಬ್ಬೆರಳು ಅವನ ಪಾದದ ಕಮಾನಿನ ಮೇಲೆ ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ನಿಂತಿತ್ತು.

"ಕಚಗುಳಿ ಆಗುತ್ತೆ," ಎಂದ ಅವನು ಮೆಲ್ಲಗೆ.

"ಆಗಲಿ. ಅಲುಗಾಡಬೇಡ."

ಇಬ್ಬರೂ ಈಗ ಆ ಹಿಂದಿನ ಕೋಣೆಯಲ್ಲೇ ಇದ್ದಾರೆ, ಒಂದೇ ಮೇಜಿನ ಎರಡು ಕಡೆ. ಮದುವೆಗೆ ಅಣ್ಣ ಬಂದ, ನಿಂತು ನಡೆಸಿದ, ಬಡಗಿಯ ಹೆಗಲ ಮೇಲೆ ಕೈಯನ್ನೂ ಇಟ್ಟ. ಕಳೆದುಹೋದ ಆ ವರ್ಷದ ಗಿರಾಕಿಗಳನ್ನು ಇಬ್ಬರೂ ಮನೆಮನೆಗೆ ಹೋಗಿ ಹುಡುಕಿದರು. ಕೆಲವರು ಸಿಕ್ಕರು. ಕೆಲವರು ಮನೆ ಬದಲಿಸಿದ್ದರು; ಅವರು ಈಗ ಯಾವ ಬೂಟು ಹಾಕಿಕೊಂಡು ನಡೆಯುತ್ತಿದ್ದಾರೋ ಗೊತ್ತಿಲ್ಲ.

ಇನ್ನೊಂದು ವಿಷಯವೂ ಗೊತ್ತಿಲ್ಲ. ಅಣ್ಣ ಅಂದು ಆ ಮಾತನ್ನು ಯಾಕೆ ಆಡಿದ? ತಂಗಿಯನ್ನು ಕಾಪಾಡುತ್ತಿದ್ದೇನೆ ಎಂದು ನಂಬಿಯೋ, ಕೋಣೆಯ ಮೇಲೆ ಆಗಲೇ ಕಣ್ಣಿಟ್ಟೋ, ಅಥವಾ ಅವಳಿಲ್ಲದ ಮನೆಯನ್ನು ನೆನೆದು ಹೆದರಿಯೋ. ಸೂಜಿ ಅದನ್ನು ಕೇಳಿಲ್ಲ. ಅವನೂ ಹೇಳಿಲ್ಲ. ತಿಳಿದುಕೊಳ್ಳಲು ನನಗೂ ಆಗಿಲ್ಲ.